ಅಕ್ಷರಕ್ಕ ಹೆಸರಿಟ್ಟಾಕಿ

ಡಿಟಿಪಿ ಅಂಗಡಿಯಾಗ ಕೆಲಸಾ ಮಾಡಾವ್ರು ನಗೀ ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಬಾಗಿಲಾ ತಗದ್ರ ಸಾಕು, ಅದ ಚಪ್ಲಿ ಬಿಟ್ಟು ಒಳಗ ಬಂದು ಸ್ಟೂಲಿನ ಮ್ಯಾಲ ಕುಂದರತೈತಿ. ನಮ್ಮದು ಬೆಳಗಾವಿ ಟಿಳಕವಾಡಿಯೊಳಗ ಒಂದು ಸಣ್ಣ ಅಂಗಡಿ. ಲಗ್ನಪತ್ರಿಕಾ, ಸಾಲಿ ವಾರ್ಷಿಕ ಗ್ಯಾದರಿಂಗಿನ ಪುಸ್ತಕ, ಖಾನಾವಳಿ ದರಪಟ್ಟಿ, ಬೇಕರಿ ಪಾಂಪ್ಲೆಟ್, ಏನ ತಂದ್ರೂ ಮಾಡಿಕೊಡ್ತೇವಿ. ನಾ ದಿನಾ ಖಾನಾಪುರದಿಂದ ಬಂದು ಸಂಜಿತನಕ ಕಂಪ್ಯೂಟರ್ ಮುಂದ ಕುಂದರಾಕಿ.

ಪೇಜ್ ಜೋಡಸೂ ಸಾಫ್ಟ್‌ವೇರಿನಾಗ ಸ್ಟೈಲ್ ಅಂತ ಒಂದು ಸವಲತ್ತು ಇರ್ತೈತಿ. ತಲಿಬರಹಕ್ಕ ಯಾವ ಅಕ್ಷರ, ಎಷ್ಟು ದೊಡ್ಡದು, ಏನ ಬಣ್ಣ, ಸಾಲಿನ ನಡುವ ಎಷ್ಟು ಜಾಗ, ಎಲ್ಲಾ ಒಮ್ಮೆ ಹೊಂದಿಸಿ ಒಂದು ಹೆಸರು ಇಟ್ಟುಬಿಡೂದು. ಆಮ್ಯಾಲ ಆ ಹೆಸರು ಒತ್ತಿದ್ರ ಸಾಕು, ಯಾವ ಸಾಲಾದ್ರೂ ಹಂಗ ಆಗತೈತಿ. ಆ ಹೆಸರೆಲ್ಲಾ ಸ್ಕ್ರೀನಿನ ಬಲಗಡೆ ಒಂದು ಪಟ್ಟಿಯೊಳಗ ಸಾಲಾಗಿ ನಿಂತಿರ್ತಾವ. ಏನ ಹೆಸರು ಇಡಬೇಕು ಅಂತ ಯಾರೂ ಕಾಯ್ದೆ ಮಾಡಿಲ್ಲ. ಎಲ್ಲಾ ಫಜೀತಿ ಅಲ್ಲಿಂದನ ಶುರು. ಇಂಥಾ ಒಂದು ಹೆಸರಿನ ಸಲುವಾಗಿ ನನ್ನ ಲಗ್ನ ಮುರಿದು ಬೀಳೂದರಾಗ ಇತ್ತು. ಅದನ್ನ ಕಡೀಕ ಹೇಳ್ತೇನಿ, ಈಗ ಹೇಳಿದ್ರ ನೀವು ಉಳಿದದ್ದು ಓದಂಗಿಲ್ಲ.

ಇದನ್ನ ಬಳಸಬ್ಯಾಡ್ರಿ

ನಾ ಕೆಲಸಕ್ಕ ಸೇರಿದಾಗ ನನಗಿಂತ ಮೊದಲಿದ್ದ ಆಪರೇಟರ್ ಕೊಲ್ಹಾಪುರಕ್ಕ ಹೋಗಿದ್ದ. ಹೋಗೂ ಮುಂದ ಎಲ್ಲಾ ಫೈಲು ನನ್ನ ಕೊರಳಿಗೆ ಕಟ್ಟಿ ಹೋಗಿದ್ದ. ಒಂದು ಸಾಲಿಯ ಗ್ಯಾದರಿಂಗ್ ಪುಸ್ತಕ ಅರ್ಧಾ ಆಗಿತ್ತು, ಅದನ್ನ ನಾ ಮುಗಸಬೇಕು. ಫೈಲು ತಗದು ಸ್ಟೈಲಿನ ಪಟ್ಟಿ ನೋಡಿದೆ. ಮೊದಲನೇದು "ಟೈಟಲ್". ಅದರ ಕೆಳಗ "ಟೈಟಲ್ ಹೊಸಾದು". ಅದರ ಕೆಳಗ "ಟೈಟಲ್ ಖರೇ ಹೊಸಾದು". ಮತ್ತ "ಇದ ಕಡೀದು". ಅದರ ಕೆಳಗ "ಕಡೀದು ಆದಮ್ಯಾಲಿಂದು". ಎಲ್ಲಾಕಿಂತ ಕೆಳಗ ಒಂದು "ಇದನ್ನ ಬಳಸಬ್ಯಾಡ್ರಿ".

ನಾ ಬುದ್ಧಿವಂತಾಕಿ ಹಂಗ "ಕಡೀದು ಆದಮ್ಯಾಲಿಂದು" ಒತ್ತಿದೆ. ಮುಖ್ಯಾಧ್ಯಾಪಕರ ಎರಡು ಮಾತು ಅನ್ನೂ ಲೇಖನದ ತಲಿಬರಹ ಹಸರ ಬಣ್ಣಾಗಿ, ಸೊಟ್ಟಾಗಿ, ಮುಖ್ಯಾಧ್ಯಾಪಕರ ಫೋಟೋದ ಮ್ಯಾಲ ಹೋಗಿ ಕುಂತಿತು. "ಖರೇ ಹೊಸಾದು" ಒತ್ತಿದ್ರ ಅಕ್ಷರ ಮಾಯನ ಆಗಿಬಿಟ್ಟಿತು, ಯಾಕಂದ್ರ ಅಂವ ಅದಕ್ಕ ಬಿಳೀ ಬಣ್ಣ ಕೊಟ್ಟಿದ್ದ. ತಲಿ ಕೆಟ್ಟು ಕೊಲ್ಹಾಪುರಕ್ಕ ಫೋನ್ ಹಚ್ಚಿದೆ.

"ಅಣ್ಣಾರ, ಈ ಆರರಾಗ ಬರೋಬ್ಬರಿ ಇರೂದು ಯಾವುದ್ರಿ?"

"'ಇದನ್ನ ಬಳಸಬ್ಯಾಡ್ರಿ' ಅಂತ ಐತಲ್ಲ, ಅದನ್ನ ಬಳಸ್ರಿ."

"ಅಯ್ಯ, ಮತ್ತ ಹಂಗ್ಯಾಕ ಹೆಸರಿಟ್ಟೀರಿ?"

"ಮಾಲಕರು ಮುಟ್ಟಬಾರದಂತ."

ಅಜ್ಜಗ ಕೆಂಪು ಹಚ್ಚಿದಾಗ

ಆ ಮನಷ್ಯಾ ಹೇಳಿದ್ದರಾಗ ಖರೇನ ಐತಿ. ನಮ್ಮ ಮಾಲಕರು ಒಳ್ಳೇವ್ರು, ಆದ್ರ ಕೈ ಸುಮ್ನ ಇರಂಗಿಲ್ಲ. ನಾ ಚಾಕ್ಕ ಎದ್ದು ಹೋದ್ರ ಸಾಕು, ನನ್ನ ಕುರ್ಚಿಮ್ಯಾಲ ಕುಂತು "ಏನ ಆಗತೈತಿ ನೋಡೂಣು" ಅಂತ ಒತ್ತಿಬಿಡ್ತಾರ.

ಅದಕ್ಕ ನಾ ಒಂದಿನಾ ಕುಂತು ಎಲ್ಲಾ ಹಳೇ ಸ್ಟೈಲು ಝಾಡಿಸಿ ಒಗದು, ಹೊಸಾ ಪದ್ಧತಿ ಮಾಡಿದೆ. ಈ ಸಾಫ್ಟ್‌ವೇರಿನಾಗ ಒಂದು ಸ್ಟೈಲಿಗೆ ಇನ್ನೊಂದು ಸ್ಟೈಲ್ ಹುಟ್ಟಿಸಬಹುದು. ದೊಡ್ಡದರ ಗುಣಾ ಎಲ್ಲಾ ಸಣ್ಣದಕ್ಕ ಬರ್ತಾವ, ಬ್ಯಾಡಾದದ್ದನ್ನ ಅಷ್ಟ ಬದಲಿ ಮಾಡಿಕೊಳ್ಳೂದು. ಇದು ನಮ್ಮ ಮನೆತನದಂಗನ ಐತಿ ಅಂತ ಅನಿಸಿ, ಹೆಸರೂ ಹಂಗ ಇಟ್ಟೆ. ಒಳಗಿನ ಬರಹದ್ದು "ಅಜ್ಜ". ಅದರಿಂದ ಹುಟ್ಟಿದ ತಲಿಬರಹ "ಅಪ್ಪ". ಫೋಟೋದ ಕೆಳಗಿನ ಸಣ್ಣ ಅಕ್ಷರ "ಮೊಮ್ಮಗ". ಯಾರ ಸಂಬಂಧನೂ ಇಲ್ಲದ, ಚೌಕಟ್ಟು ಹಾಕ್ಕೊಂಡು ಪೇಜಿನ ನಡುವ ಒಂದ ಕುಂದರೂ ಜಾಹೀರಾತಿನ ಅಕ್ಷರಕ್ಕ "ಅಳಿಯ" ಅಂತ ಇಟ್ಟೆ.

ಒಂದು ವಾರ ಬೇಶ್ ನಡೀತು. ಒಂದು ಮಧ್ಯಾಹ್ನ ಬುತ್ತಿ ಉಂಡು ಬಂದು ನೋಡ್ತೇನಿ, ಮಾಲಕರು ನನ್ನ ಕುರ್ಚಿಯಾಗ ಬೆವತು ಕುಂತಾರ. ಜಾಹೀರಾತೊಂದು ಬಿಟ್ಟು ಇಡೀ ಗ್ಯಾದರಿಂಗ್ ಪುಸ್ತಕ, ಪ್ರಾರ್ಥನಾ ಗೀತೆ ಹಿಡದು ಪೇಜ್ ನಂಬರಿನ ತನಕ, ಕೆಂಪಗಾಗಿ ಕುಂತೈತಿ.

"ವೈರಸ್ ಬಂತು ನೋಡವಾ ತಂಗಿ," ಅಂದ್ರು.

"ನೀವೇನ ಮಾಡಿದ್ರಿ?"

"ಏನೂ ಮಾಡಿಲ್ಲ. ಅಜ್ಜಗ ಸ್ವಲ್ಪ ಕೆಂಪು ಹಚ್ಚಿ ನೋಡಿದೆ."

"ಅಜ್ಜಗ ಹಚ್ಚಿದ್ರ ಎಲ್ಲಾರಿಗೂ ಹತ್ತತೈತ್ರಿ."

"ಅಲ್ಲಾ, ಅಜ್ಜಗ ಹಚ್ಚಿದ್ದು ಮೊಮ್ಮಗಗ ಯಾಕ ಹತ್ತಬೇಕು? ಇದೇನ ಅಂಟುಬ್ಯಾನಿಯೇನು?"

ಹೆಂಗ ತಿಳಿಸಿ ಹೇಳಬೇಕಂತ ಆಕಡೆ ಈಕಡೆ ನೋಡಿದೆ. ಗ್ವಾಡಿಮ್ಯಾಲ ಅವ್ರ ಅಜ್ಜಾರ ಫೋಟೋ ಇತ್ತು. ರುಮಾಲ, ಮೀಸಿ, ಮತ್ತ ಮೀಸಿಮ್ಯಾಲ ಛಾವಣಿ ಹಾಕಿದಂಥಾ ಒಂದು ಮೂಗು.

"ಮಾಲಕರ, ಆ ಫೋಟೋದಾಗ ಅಜ್ಜಾರ ಮೂಗು ನೋಡ್ರಿ. ಈಗ ನಿಮ್ಮ ಮಗನ ಮೂಗು ನೆನಪ ಮಾಡಿಕೊಳ್ರಿ."

ಮಾಲಕರು ಫೋಟೋ ನೋಡಿದ್ರು. ಮೆಲ್ಲಕ ಕೈ ಎತ್ತಿ ತಮ್ಮ ಮೂಗು ಮುಟ್ಟಿ ನೋಡಿಕೊಂಡ್ರು.

"ಹಂಗಾರ ನಮ್ಮ ಅಳಿಯಗ ಯಾಕ ಕೆಂಪು ಹತ್ತಿಲ್ಲ?" ಅಂದ್ರು ಕಡೀಕ.

"ಅಂವ ನಿಮ್ಮ ಮೂಗಿನವನಲ್ರಿ."

"ಪುಣ್ಯಾ ಮಾಡ್ಯಾನ," ಅಂದು ಎದ್ದು ಹೋದ್ರು.

ಎಗ್‌ಲೆಸ್

ಮನಿಮಂದಿ ಹೆಸರು ಮುಗದಮ್ಯಾಲ ನಾ ಗಿರಾಕಿಗಳ ಹೆಸರು ಇಡಾಕ ಸುರು ಮಾಡಿದೆ. ಊರಾಗಿನ ಕ್ಯಾಂಪ್ ಏರಿಯಾದಾಗ ಬೇಕರಿ ಇಟ್ಟ ಒಬ್ಬರು ಚಾಚಾ ಬರ್ತಿದ್ರು. ಭಾಳ ಶಾಂತ ಮನಷ್ಯಾ, ಬರೂ ಮುಂದ ಖಾರಿ ಬಿಸ್ಕೀಟು ತರಾವ್ರು. ಅವ್ರ ಪಾಂಪ್ಲೆಟ್ಟಿಗೆ ಒಂದು ದುಂಡಗಿನ, ಉಬ್ಬಿದಂಗಿರೂ ಅಕ್ಷರ ಹೊಂದಿಸಿ "ಬೇಕರಿ ಚಾಚಾ" ಅಂತ ಹೆಸರಿಟ್ಟಿದ್ದೆ.

ಒಂದಿನಾ ಖಾನಾಪುರ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡಸೂ ಅಕ್ಕಾರು ಹೊಸಾ ದರಪಟ್ಟಿ ಮಾಡಿಸಾಕ ಬಂದ್ರು. ನಮ್ಮ ಕಡೆ ಗಿರಾಕಿ ಅಂದ್ರ ಕಾಗದಾ ಕೊಟ್ಟು ಹೋಗಾವ್ರಲ್ಲ. ಆಪರೇಟರ್ ಬಾಜು ಸ್ಟೂಲ್ ಎಳಕೊಂಡು ಕುಂತು, "ಸ್ವಲ್ಪ ಮ್ಯಾಲ, ಸ್ವಲ್ಪ ಈಕಡೆ, ಹೂನ್, ಅಲ್ಲೆ ನಿಲ್ಲಸು" ಅಂತ ಲಾರಿ ಹಿಂದ ತಗಸಿದಂಗ ಮಾಡಸಾವ್ರು. ಅಕ್ಕಾರೂ ಕುಂತ್ರು. ಆ ಹೊತ್ತಿಗೆ ಚಾಚಾನೂ ಬಂದು ಹಿಂದ ತಮ್ಮ ಪಾಳಿಗೆ ಕಾಯ್ಕೋತ ಕುಂತಿದ್ರು.

ಜ್ವಾಳದ ರೊಟ್ಟಿ, ಎಣಗಾಯಿ, ಝುಣಕ ಅಂತ ಟೈಪ್ ಮಾಡಿ, ಚಾಚಾನ ಅಕ್ಷರ ಛಲೋ ಒಪ್ಪತೈತಿ ಅಂತ ಅದನ್ನ ಒತ್ತಿದೆ. ಅಕ್ಕಾರ ಕಣ್ಣು ಪಟ್ಟಿಮ್ಯಾಲ ಬಿತ್ತು.

"ತಂಗಿ, ನನ್ನ ರೊಟ್ಟಿಗೆ ಬೇಕರಿಯವ್ರ ಅಕ್ಷರ ಹಾಕಿದೇನು?"

"ಛಂದ ಕಾಣತೈತಲ್ರಿ ಅಕ್ಕಾರ."

"ಛಂದ ಕಾಣಲಿ ಬಿಡು. ಆದ್ರ ನಂದು ಶುದ್ಧ ಶಾಕಾಹಾರಿ. ಬೇಕರಿದು ಅಂದಮ್ಯಾಲ ತತ್ತಿ ಇರೂದನ."

"ಅಕ್ಷರದಾಗ ತತ್ತಿ ಎಲ್ಲಿಂದ ಬರಬೇಕ್ರಿ?"

"ಯಾರಿಗೆ ಗೊತ್ತು? ನೋಡು, ಹೆಂಗ ಉಬ್ಬೈತಿ."

ಹಿಂದಿನಿಂದ ಚಾಚಾನ ದನಿ ಬಂತು. "ಅಕ್ಕಾ, ನಮ್ಮಲ್ಲೆ ಎಗ್‌ಲೆಸ್ಸೂ ಸಿಗತೈತಿ."

ಹೊಳೀತು ನೋಡ್ರಿ! ತಕ್ಷಣ ಅದ ಸ್ಟೈಲಿನ ಒಂದು ನಕಲು ಮಾಡಿದೆ. ಒಂದು ಗೆರಿ ಸೈತ ಬದಲಿ ಮಾಡ್ಲಿಲ್ಲ. ಹೆಸರು ಮಾತ್ರ "ಬೇಕರಿ ಚಾಚಾ ಎಗ್‌ಲೆಸ್" ಅಂತ ಟೈಪ್ ಮಾಡಿ, ಅಕ್ಕಾರ ಕಣ್ಣಮುಂದನ ರೊಟ್ಟಿ, ಎಣಗಾಯಿ, ಝುಣಕದ ಮ್ಯಾಲ ಒತ್ತಿದೆ. ಅಕ್ಕಾರು ಚಸ್ಮಾ ತಗದು, ಒರಸಿ, ಹಾಕ್ಕೊಂಡು ನೋಡಿದ್ರು.

"ಹಾಂ! ಈಗ ಹಗರ ಆತು ನೋಡು."

ಅವ್ರು ಹೋದಮ್ಯಾಲ ಮಾಲಕರು ನನಗ ಒಂದು ಹುಕುಂ ಮಾಡಿದ್ರು. ಗಿರಾಕಿ ಹೊಚ್ಚಲಾ ದಾಟೂದರಾಗ ಆ ಪಟ್ಟಿ ಮುಚ್ಚಿರಬೇಕು. ಒಂದ ಕೀ ಒತ್ತಿದ್ರ ಪಟ್ಟಿ ಮಾಯ ಆಗತೈತಿ. ಅವತ್ತಿಂದ ಬಾಗಲದಾಗ ಚಪ್ಲಿ ಸಪ್ಪಳ ಆದ್ರ ನನ್ನ ಬಟ್ಟು ತಾನ ಆ ಕೀಗೆ ಹೋಗಾಕತ್ತಿತು.

ಓಡೂ ಬಸ್ಸಿನಾಗಿಂದ ಕಾಣಬೇಕು

ಆ ಖಾನಾವಳಿ ಅಕ್ಕಾರಿಗೆ ನಾ ಭಾಳ ಮನಸಿಗೆ ಬಂದೆ. "ಹುಡುಗಿ ವಾದಾ ಮಾಡಂಗಿಲ್ಲ, ಹೇಳಿದ್ದು ತಿಳಕೋತಾಳ" ಅಂತ ಊರೆಲ್ಲಾ ಹೇಳಿ, ಕಡೀಕ ಒಂದು ಸಂಬಂಧನ ತಂದುಬಿಟ್ರು. ಹುಡುಗ ಬೆಳಗಾವಿಯಾಗ ಬ್ಯಾಟರಿ ಅಂಗಡಿ ಇಟ್ಟಾನ. ನೋಡಾಕ ಬಂದಾಗ ಅವಲಕ್ಕಿ ತಟ್ಟಿ ಕೈಯಾಗ ಹಿಡಕೊಂಡು, ತಿನ್ನಬೇಕೋ ಬ್ಯಾಡೋ ತಿಳೀದ ನನ್ನ ಕಡೆ ನೋಡಿ ನಕ್ಕ. ಮುಗೀತು, ನನಗ ಸೇರಿಬಿಟ್ಟ. ನಿಶ್ಚಯನೂ ಆತು. ಪತ್ರಿಕಾ ಮಾಡೂ ಕೆಲಸಾ ಯಾರದು? ನಂದ.

ಹುಡುಗನ ಅಪ್ಪ, ಅಂದ್ರ ನಮ್ಮ ಮಾವಾರು, ಬಸ್ ಸ್ಟ್ಯಾಂಡಿನಾಗ ಕಂಟ್ರೋಲರ್ ಆಗಿ ರಿಟೈರ್ ಆದವ್ರು. ಅವ್ರ ಲೆಕ್ಕದಾಗ ಬರಹ ಅಂದ್ರ ಬೋರ್ಡು. ದಿನಕ್ಕ ಮೂರು ಸಲ ಫೋನು.

"ನನ್ನ ಹೆಸರು ಸ್ವಲ್ಪ ದೊಡ್ಡದ ಮಾಡವಾ. ಓಡೂ ಬಸ್ಸಿನಾಗಿಂದ ಕಾಣಬೇಕು."

"ಮಾವಾರ, ಪತ್ರಿಕಾ ಕೈಯಾಗ ಹಿಡಕೊಂಡು ಓದ್ತಾರ್ರಿ."

"ಹಿಡಕೊಂಡಾವ ಬಸ್ಸಿನಾಗ ಇದ್ರ?"

ಈಕಡೆ ಖಾನಾಪುರದಾಗ ನಮ್ಮ ಕಾಕಾನ ಗದ್ಲಾ ಬ್ಯಾರೆ. "ಹೆಣ್ಣಿನ ಕಡೆಯವ್ರು ಅಂತ ನಮ್ಮ ಅಣ್ಣನ ಹೆಸರು ಒಂದು ಎಳಿ ಸಣ್ಣದಾದ್ರೂ ನಾ ಲಗ್ನದ ಅಕ್ಕಿಕಾಳಿಗೆ ಬರಂಗಿಲ್ಲ," ಅಂತ ಕಟ್ಟಿಮ್ಯಾಲ ಕುಂತು ಸಾರಿಬಿಟ್ಟ. ನಮ್ಮವ್ವಗ ಹೆದರಿಕಿ ಹತ್ತಿತು. ಪತ್ರಿಕಾದೊಳಗಿನ ಹೆಸರಿನ ಸಲುವಾಗಿ ಬೀಗರು ಬೀಗರು ಮಾತು ಬಿಟ್ಟದ್ದು ಆಕಿ ಎಷ್ಟೋ ಕಂಡಾಳ. "ಹೆಂಗರ ಮಾಡಿ ಎರಡೂ ಕಡೆ ಸಂಭಾಳಸವಾ," ಅಂದ್ಲು.

ಪತ್ರಿಕಾ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ, ಮ್ಯಾಲ ಪಾಕೀಟು. ಮಾವಾರ ಫೋನು ಬಂದಾಗೊಮ್ಮೆ ಎಲ್ಲಾ ಕಡೆ ಹುಡುಕಿ ಅವ್ರ ಹೆಸರು ದೊಡ್ಡದ ಮಾಡೂದ್ರಾಗ ನನ್ನ ಜೀವ ಹೈರಾಣಾತು. ಅದಕ್ಕ ಅವ್ರ ಹೆಸರಿಗೆ ಅಂತನ ಒಂದು ಸ್ಟೈಲ್ ಮಾಡಿದೆ. ಅದಕ್ಕ ಹೆಸರು ಏನ ಇಡೂದು ಅಂತ ವಿಚಾರ ಮಾಡೂದ್ರಾಗ ಮತ್ತ ಫೋನ್ ಬಂತು. ಸಿಟ್ಟಿನಾಗ "ಕಿರಿಕಿರಿ ಮಾವ" ಅಂತ ಬಡದು ಇಟ್ಟೆ. ಅದರ ಹೊಟ್ಟಿಯಿಂದನ ಇನ್ನೊಂದು ಹುಟ್ಟಿಸಿ ನಮ್ಮ ಅಪ್ಪಾರಿಗೆ ಕೊಟ್ಟು "ನಮ್ಮಪ್ಪ" ಅಂತ ಇಟ್ಟೆ. ಈಗ ಮಾವಾರು ಅಕ್ಷರದ ಅಳತಿಯಾಗ ಒಂದು ಪಾಯಿಂಟ್ ಏರಿದ್ರ ಅಪ್ಪಾರೂ ಒಂದು ಪಾಯಿಂಟ್ ಏರ್ತಾರ. ಕಾಕಾನ ಬಾಯಿ ಬಂದ್.

ಮಾವಾರು ಫೋನ್ ಮಾಡ್ಕೋತ ಹೋದ್ರು, ಇಬ್ಬರೂ ಏರ್ಕೋತ ಹೋದ್ರು. ಕಾಗದಾ ಮಾತ್ರ ಇದ್ದಷ್ಟ ಇತ್ತು. ಉಳಿದವ್ರು ಸರಕೋಬೇಕಲ್ರಿ! ಮೊದಲು ಸೋದರಮಾವಂದಿರು ಒತ್ತಿ ಕುಂತ್ರು, ಆಮ್ಯಾಲ ಊಟದ ಸಾಲು ಮೂಲಿ ಸೇರಿತು, ಕಡೀಕ ನಂದೂ ಹುಡುಗಂದೂ ಹೆಸರು ಸಣ್ಣಾದುವು. ಪ್ರೂಫ್ ಎರಡೂ ಮನಿಗೆ ವಾಟ್ಸ್ಯಾಪಿನಾಗ ಕಳಸಿದೆ. ಮಾವಾರು "ಈಗ ಸುಮಾರು ಬಂತು" ಅಂದ್ರು. ಕಾಕಾ "ನಮ್ಮದು ದೊಡ್ಡದೈತಿ" ಅಂದ. ಸ್ವಲ್ಪ ಹೊತ್ತಿಗೆ ಹುಡುಗನ ಫೋನು.

"ಪತ್ರಿಕಾ ಭಾಳ ಛಲೋ ಆಗೇತಿ," ಅಂದ. "ಲಗ್ನ ಯಾರದು?"

ನಮಸ್ಕಾರ

ಪತ್ರಿಕಾ ಛಾಪಿಗೆ ಹೋಗೂ ದಿನಾ ಮುಂಜಾನೆ ನಾ ಫೈಲ್ ತಗದು ಕಡೀ ಸಲ ನೋಡಾಕತ್ತಿದ್ದೆ. ಮಾವಾರ ಹೆಸರಿನ ಸಾಲಿನ ಮ್ಯಾಲ ಕರ್ಸರ್ ನಿಂತಿತ್ತು. ಪಟ್ಟಿಯೊಳಗ "ಕಿರಿಕಿರಿ ಮಾವ" ನೀಲಿ ಬಣ್ಣದಾಗ ಥಳಥಳ ಹೊಳೀತಿತ್ತು. ಬಾಗಲದಾಗ ಚಪ್ಲಿ ಸಪ್ಪಳ ಆತು. ನನ್ನ ಬಟ್ಟು ಕೀ ಕಡೆ ಹೊಂಟಿತು.

"ಎಲ್ಲೈತಿ ಪ್ರೂಫು? ಕಣ್ಣಾರೆ ನೋಡೇ ಬಿಡ್ತೇನಿ!"

ಮಾವಾರ ದನಿ! ಗಿರಾಕಿ ಬಂದ್ರ ಕೀ ಒತ್ತಬೇಕು ಅಂತ ಮಾಲಕರ ಹುಕುಂ. ಮಾವಾರು ಬಂದ್ರ ಏನ ಮಾಡಬೇಕು ಅಂತ ನಮ್ಮವ್ವ ಸಣ್ಣಾಕಿ ಇದ್ದಾಗಿಂದ ಕಲಿಸಿದ್ಲು. ಕೈಗೆ ಅವ್ವನ ಮಾತ ನೆನಪಾತು. ಬಟ್ಟು ಕೀ ಬಿಟ್ಟು ಓಢಣಿಗೆ ಹೋತು. ತಡಬಡಿಸಿ ಎದ್ದೆ, ಓಢಣಿ ತಲಿಮ್ಯಾಲ ಎಳಕೊಂಡೆ, ಬಗ್ಗಿ ಕಾಲು ಹಿಡದೆ. ನಾ ಕೆಳಗ, ಅವ್ರ ಕಣ್ಣು ಸ್ಕ್ರೀನಿನ ಮ್ಯಾಲ.

"ನೂರು ವರ್ಷ ಸುಖದಿಂದ..." ಅಂತ ಆಶೀರ್ವಾದ ಸುರುವಾತು. ಅಲ್ಲೇ ನಿಂತುಬಿಟ್ಟಿತು. ನಾ ಬಗ್ಗಿದಾಕಿ ಬಗ್ಗೇ ಇದ್ದೆ, ಉಳಿದ ಅರ್ಧಾ ಬರಲಿ ಅಂತ. ಬರ್ಲಿಲ್ಲ. ಅದರ ಬದ್ಲಿ, ಬಸ್ ಸ್ಟ್ಯಾಂಡಿನಾಗ ಮೈಕ್ ಇಲ್ಲದನ ಊರಿಗೆಲ್ಲಾ ಕೇಳಿಸ್ತಿದ್ದ ಆ ದನಿ ಬಂತು.

"ಕಿರಿಕಿರಿ... ಮಾವ."

ಮಾಲಕರು ಮೆಲ್ಲಕ ಕಾಗದದ ಬಂಡಲಿನ ಹಿಂದ ಸರದ್ರು. ಅಲ್ಲಿಂದನ "ಬೀಗರ, ಚಾ ತರಸ್ಲೇನ್ರಿ?" ಅಂದ್ರು.

"ಇದು ಯಾರು, ಈ ಕಿರಿಕಿರಿ ಮಾವ?"

ಬ್ಯಾರೆ ಗಿರಾಕಿದು ಅಂತ ಸುಳ್ಳು ಹೇಳಬಹುದಿತ್ತು. ಆದ್ರ ಕರ್ಸರ್ ಅವ್ರ ಹೆಸರಿನ ಮ್ಯಾಲನ ಕುಂತು ಮಿಣಿಮಿಣಿ ಅನ್ನಾಕತ್ತಿತ್ತು. ಆ ಹುಡುಗ, ಆ ಅವಲಕ್ಕಿ ತಟ್ಟಿ, ಕಟ್ಟಿಮ್ಯಾಲ ಕುಂತ ಕಾಕಾ, ಎಲ್ಲಾ ಕಣ್ಣಮುಂದ ಬಂದು ಹೋದ್ರು. ಮುಗೀತು ನನ್ನ ಲಗ್ನ ಅಂದ್ಕೊಂಡೆ.

"ನೀವರೀ," ಅಂದೆ.

"ಅದರ ಕೆಳಗ 'ನಮ್ಮಪ್ಪ' ಅಂತ ಐತಲ್ಲ?"

"ಅದು ನಮ್ಮ ಅಪ್ಪಾರ್ರಿ. ನಿಮ್ಮದರಿಂದನ ಹುಟ್ಟಿಸೇನ್ರಿ. ನೀವು ದೊಡ್ಡಾದಂಗ ಅವ್ರೂ ದೊಡ್ಡಾಗ್ತಾರ್ರಿ." ಬಾಯಿ ಒಮ್ಮೆ ಬಿಟ್ಟಮ್ಯಾಲ ನಿಲ್ಲವಲ್ದಾತು.

"ಅಂದ್ರ, ಇಷ್ಟ ದಿನಾ ನಾ ಫೋನ್ ಮಾಡಿ ಮಾಡಿ ಬೀಗನ್ನ ದೊಡ್ಡಾವನ್ನ ಮಾಡೇನಿ?"

"ಹೂನ್ರಿ."

"ನಿಮ್ಮ ಕಾಕಾಗ ಗೊತ್ತೈತೇನು?"

"ಇಲ್ರಿ."

ಮಾವಾರು ಸ್ಟೂಲ್ ಎಳದು ಧಪ್ ಅಂತ ಕುಂತ್ರು. ತಲಿ ಕೆಳಗ ಹಾಕಿದ್ರು. ಹೆಗಲು ಗದಗದ ನಡಗಾಕತ್ತಿದ್ವು. ಸಿಟ್ಟು ಅಂತ ನಾ ಇನ್ನಷ್ಟು ಹೆದರಿದೆ. ಮುಖಾ ಎತ್ತಿದಾಗ ನೋಡ್ತೇನಿ, ಕಣ್ಣಾಗ ನೀರು ಬರೂ ಹಂಗ ನಗಾಕತ್ತಾರ. ಕಿಸೇದಿಂದ ಫೋನ್ ತಗದು ಮನಿಗೆ ಹಚ್ಚಿ, ಸ್ಪೀಕರ್ ಮ್ಯಾಲ ಇಟ್ರು.

"ಏ, ಇಲ್ಲೆ ಕೇಳ. ಸೊಸಿ ಇಲ್ಲೆ ಕಂಪ್ಯೂಟರಿನಾಗ ನನಗ ಒಂದು ಹೆಸರಿಟ್ಟಾಳ. ಏನಂತ ಹೇಳು ನೋಡೂಣು."

ಆಕಡೆಯಿಂದ ಅತ್ತಿಯಾರ ದನಿ ಬಂತು. "ಮುಂಜಾಮುಂಜಾನೆ ಎಂಥಾ ಕಿರಿಕಿರಿ ತಗದ್ರಿ!"

"ಕೇಳಿದ್ಯಾ?" ಅಂತ ಮಾವಾರು ನನ್ನ ಕಡೆ ತಿರುಗಿದ್ರು. "ಮನಿಗೆ ಬರೂಕಿಂತ ಮೊದ್ಲ ಮನಿ ಸುದ್ದಿ ಎಲ್ಲಾ ಕಲ್ತೀ. ಇರ್ಲಿ, ನಮಗ ಇಂಥಾಕಿನ ಬೇಕಾಗಿತ್ತು."

ನನಗ ಹೋದ ಜೀವ ತಿರುಗಿ ಬಂತು. ಮಾಲಕರೂ ಬಂಡಲಿನ ಹಿಂದಿನಿಂದ ಮೊದ್ಲು ಮೂಗು, ಆಮ್ಯಾಲ ತಾವು ಹೊರಗ ಬಂದ್ರು. ಚಾ ಬಂತು. ಮಾವಾರು ಚಾ ಕುಡಕೋತ, ಆಶೀರ್ವಾದದ ಉಳಿದ ಅರ್ಧಾನೂ ಕೊಟ್ರು. ನನ್ನ ಹೆಸರು, ಹುಡುಗನ ಹೆಸರು ದೊಡ್ಡದ ಮಾಡಾಕ ಒಪ್ಪಿ ತಾವು ಎರಡು ಪಾಯಿಂಟ್ ಕೆಳಗ ಇಳದ್ರು. ಅಪ್ಪಾರೂ ಹಿಂದಿಂದನ ಇಳದ್ರು. ಎಲ್ಲಾ ಮುಗೀತು, ಇನ್ನ ಛಾಪಿಗೆ ಕಳಸೂದಷ್ಟ ಅನ್ನೂದ್ರಾಗ ಮಾವಾರು ಚಸ್ಮಾ ಏರಿಸಿ ಸ್ಕ್ರೀನಿನ ಹತ್ತಿರ ಬಗ್ಗಿದ್ರು.

"ಆದ್ರ ನಂದೊಂದು ತಕರಾರು ಐತಿ."

ಮಾಲಕರು ಮತ್ತ ಬಂಡಲಿನ ಕಡೆ ಸರದ್ರು.

ಮಾವಾರು ಪಟ್ಟಿಯೊಳಗಿನ "ಕಿರಿಕಿರಿ ಮಾವ" ಮ್ಯಾಲ ಬಟ್ಟು ಇಟ್ರು. "ಈ ಹೆಸರು ಭಾಳ ಸಣ್ಣ ಅಕ್ಷರದಾಗ ಐತಿ. ಇಷ್ಟ ಛಂದ ಹೆಸರಿಟ್ಟು ಇಷ್ಟ ಸಣ್ಣದ ಬರದ್ರ ಯಾರಿಗೆ ಕಾಣಬೇಕು? ದೊಡ್ಡದ ಮಾಡವಾ."

"ಮಾವಾರ, ಆ ಪಟ್ಟಿ ಸಾಫ್ಟ್‌ವೇರ್ ಕಂಪನಿಯವ್ರದರಿ. ಅದರ ಅಕ್ಷರ ದೊಡ್ಡದ ಮಾಡೂದು ನನ್ನ ಕೈಯಾಗಿಲ್ರಿ."

ಮಾವಾರು ಚಾದ ಕಪ್ಪು ಬಸಿ ಬಾಜುಕ್ಕ ಸರಸಿ, ಕಿಸೇದಾಗಿನ ಫೋನ್ ಮತ್ತ ಹೊರಗ ತಗದ್ರು.

"ಕಂಪನಿಯವ್ರ ನಂಬರ್ ಹೇಳು."